ಐಲ್ಯಾಂಡ್ ಮೇಲೆ ಗ್ಯಾಸ್ ಒಲೆ ಬೇಕಾ?

ಹೋದ ವಾರ ನ್ಯೂಜೆರ್ಸಿಯ ಅಡುಗೆಮನೆಗಳ ಫೋಟೋ ಹಾಕಿದ್ದೇ ತಡ, ಊರಿಂದ ಮೂರು ಜನ ಮೆಸೇಜ್ ಮಾಡಿದ್ರು. ಹೊಸ ಮನೆಗೆ ಅವರಿಗೂ ಐಲ್ಯಾಂಡ್ ಬೇಕಂತೆ, ಒಲೆ ಅದರ ಮೇಲೇ ಬೇಕಂತೆ. ಐಲ್ಯಾಂಡ್ ಅಂದ್ರೇನು ಅಂತ ಕೇಳೋ ಅತ್ತೆ, ಚಿಕ್ಕಮ್ಮಂದಿರಿಗೆ: ಅಡುಗೆಮನೆ ನಡುವೆ, ಗೋಡೆಗೆ ತಾಗದೆ ನಿಂತಿರೋ ಕಟ್ಟೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಟ್ಟೆ ಕಟ್ಟಿಸಿ, ತರಕಾರಿ ಹೆಚ್ಚಿ, ಮಕ್ಕಳನ್ನ ಕೂರಿಸಿ ಹೋಂವರ್ಕ್ ಮಾಡಿಸಿ. ಗ್ಯಾಸ್ ಒಲೆ ಮಾತ್ರ ಗೋಡೆ ಪಕ್ಕ ಇರಲಿ.

ಗೋಡೆ ಇದ್ರೆ ಹೊಗೆ ಅದನ್ನ ಹಿಡ್ಕೊಂಡು ನೇರ ಮೇಲೆ ಹೋಗುತ್ತೆ. ಮನೆ ನಡುವೆ ಫ್ಯಾನ್ ಗಾಳಿ, ಓಡಾಡೋರ ಗಾಳಿ ನಾಲ್ಕೂ ಕಡೆಯಿಂದ ಅದನ್ನ ಚದುರಿಸುತ್ತೆ. ಅದಕ್ಕೇ ಇಲ್ಲಿ ಗೋಡೆ ಒಲೆಯ ಒಂದೊಂದು ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ ಗಾಳಿ ಎಳೆಯೋ ಚಿಮ್ನಿ ಸಾಕು ಅಂತಾರೆ, ಐಲ್ಯಾಂಡ್‌ಗೆ 150 ಬೇಕು ಅಂತಾರೆ. ಅದೂ ಹೊಗೆಯನ್ನ ಹೊರಗೆ ಬಿಡೋ ಚಿಮ್ನಿ. ಒಲೆ ಪಕ್ಕದಿಂದ ಕೆಳಕ್ಕೆ ಎಳೆಯೋ ಫ್ಯಾನ್ ನೋಡೋಕೆ ಚಂದ, ನಮ್ಮ ಒಗ್ಗರಣೆ ಘಾಟಿಗೆ ಸಾಲಲ್ಲ.

ಇನ್ನು ಪೈಪ್. ಗೋಡೆ ಇಲ್ಲದ ಕಡೆ ಗ್ಯಾಸ್ ನೆಲದಿಂದಲೇ ಬರಬೇಕು. ಗಟ್ಟಿ ಪೈಪ್ ಐಲ್ಯಾಂಡ್ ಒಳಕ್ಕೆ ಬಂದು, ಕೈಗೆ ಸಿಗೋ ಜಾಗದಲ್ಲಿ ವಾಲ್ವ್ ಇದ್ದು, ಆಮೇಲೆ ಮಾತ್ರ ಬಳುಕೋ ಪೈಪ್. ಸಿಲಿಂಡರ್ ಹೊರಗಿಟ್ಟು ರಬ್ಬರ್ ಪೈಪನ್ನ ಟೈಲ್ಸ್ ಕೆಳಗೆ ಹೂಳ್ತೀವಿ ಅಂತ ಯಾರಾದ್ರೂ ಅಂದ್ರೆ ಒಪ್ಪಲೇಬೇಡಿ. ಬಿರುಕು ಬಿಟ್ರೆ ಕಾಣೋದು ಯಾರಿಗೆ? ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ನಿಲ್ಲುತ್ತೆ. ಇಲ್ಲಿನ ಪೈಪ್ ಗ್ಯಾಸ್ ಹಗುರ, ಮೇಲೆ ಏರುತ್ತೆ.

ಇಲ್ಲಿ ಹೊಸ ಗ್ಯಾಸ್ ಲೈನ್ ಎಳೆಯೋಕೆ ಪರ್ಮಿಟ್ ಬೇಕು, ತಪಾಸಣೆ ಆಗಬೇಕು. ಖರ್ಚು ದಂಡ ಅಂತ ಗೊಣಗೋರಿಗೆ ನಾನು ಒಂದೇ ಉದಾಹರಣೆ ಹೇಳೋದು. 2015ರ ಮಾರ್ಚ್ 26ರಂದು ಮ್ಯಾನ್‌ಹ್ಯಾಟನ್‌ನ ಈಸ್ಟ್ ವಿಲೇಜ್‌ನಲ್ಲಿ ಗ್ಯಾಸ್ ಸ್ಫೋಟ ಆಗಿ ಮೂರು ಕಟ್ಟಡ ಕುಸಿದವು, ಇಬ್ಬರು ಯುವಕರು ಸತ್ತರು. ಬಾಡಿಗೆ ಮನೆಗಳಿಗೆ ಕದ್ದು ಗ್ಯಾಸ್ ಲೈನ್ ಎಳೆದು, ತಪಾಸಣೆಗೆ ಬಂದವರಿಂದ ಮುಚ್ಚಿಟ್ಟಿದ್ರು. ಕಟ್ಟಡದ ಒಡತಿ, ಕಂಟ್ರಾಕ್ಟರ್, ಲೈಸೆನ್ಸ್ ಇಲ್ಲದ ಪ್ಲಂಬರ್ ಮೂವರೂ ತಪ್ಪಿತಸ್ಥರು ಅಂತ 2019ರಲ್ಲಿ ತೀರ್ಪಾಯ್ತು.

ಕೆಳಗೆ ಅವನ್ ಇರೋ ಒಲೆ ತಗೊಂಡ್ರೆ, ಅದನ್ನ ನೆಲಕ್ಕೆ ಹಿಡಿದಿಡೋ ಕೊಂಡಿ ಹಾಕಿಸಲೇಬೇಕು. ತೆಗೆದ ಅವನ್ ಬಾಗಿಲ ಮೇಲೆ ಮಗು ಕಾಲಿಟ್ರೆ ಒಲೆಯೇ ಮುಂದಕ್ಕೆ ಮಗುಚುತ್ತೆ, ಮೇಲಿರೋ ಕುದಿಯೋ ಸಾರಿನ ಸಮೇತ. ಸುಟ್ಟ ಗಾಯಕ್ಕೆ ಡ್ರೆಸಿಂಗ್ ಮಾಡೋ ಕೈ ಇದು, ಅದಕ್ಕೇ ಹೇಳ್ತಿರೋದು.

ನರ್ಸ್ ಆಗಿ ಇನ್ನೊಂದು ಮಾತು. ಗ್ಯಾಸ್ ಸರಿಯಾಗಿ ಉರಿಯದಿದ್ರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡ್ರಲ್ಲ, ಬೆರಳಿಗೆ ಹಾಕೋ ಆಕ್ಸಿಮೀಟರ್, ಅದಕ್ಕೆ ಈ ವಿಷ ಗೊತ್ತಾಗಲ್ಲ. ರಕ್ತದಲ್ಲಿ ಆಕ್ಸಿಜನ್ ಜಾಗಕ್ಕೆ ಮೊನಾಕ್ಸೈಡ್ ಕೂತಿದ್ರೂ 98 ಅಂತ ತೋರಿಸಬಹುದು. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದ್ರೆ ಕಡಿಮೆ ಆಗ್ತಿದ್ರೆ ನಂಬರ್ ನಂಬಬೇಡಿ, ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೋಗಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾಗಿ ಉರೀತಿದ್ರೆ ಒಲೆ ರಿಪೇರಿಯವರನ್ನ ಕರೆಸಿ. ಮೊನಾಕ್ಸೈಡ್ ಅಲಾರಂ ಒಂದು ಮನೇಲಿರಲಿ.

ಇಷ್ಟಾದ್ಮೇಲೂ ಐಲ್ಯಾಂಡ್ ಮೇಲೇ ಬೇಕು ಅಂದ್ರೆ ಇಂಡಕ್ಷನ್ ಹಾಕಿಸಿ, ನನ್ನ ತಕರಾರಿಲ್ಲ. ಗ್ಯಾಸೇ ಬೇಕು ಅನ್ನೋರು ನೆಲಕ್ಕೆ ಕಾಂಕ್ರೀಟ್ ಹಾಕೋ ಮುಂಚೆ ಪ್ಲಾನ್ ಫೋಟೋ ಕಳಿಸಿ. ಈ ವಾರ ನೈಟ್ ಡ್ಯೂಟಿ, ಉತ್ತರ ಸ್ವಲ್ಪ ತಡ ಆಗುತ್ತೆ.