ಚಂದ್ರಮಂಡಲದ ಛಾಯಾಚಿತ್ರಗಳೂ ವಿತಂಡವಾದವೂ

1969ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಎಂಬವರು ಚಂದ್ರನ ಮೇಲಿಳಿದು ತೆಗೆದ ಛಾಯಾಚಿತ್ರಗಳು ಕೃತ್ರಿಮವೆಂದು ಸಾಧಿಸುವವರು ಇಂದಿಗೂ ಇರುವರು.

ಚಿತ್ರದ ಆಕಾಶದಲ್ಲಿ ನಕ್ಷತ್ರಗಳಿಲ್ಲವೆಂಬುದು ಅವರ ಮೊದಲನೆಯ ಹೇತು. ಬಿಸಿಲಿನಿಂದ ಬೆಳಗುವ ನೆಲಕ್ಕೆ ತಕ್ಕಂತೆ ಕ್ಯಾಮರಾದ ಕಣ್ಣನ್ನು ಕ್ಷಣಾಂಶ ಮಾತ್ರ ತೆರೆದರೆ ಮಂದವಾದ ನಕ್ಷತ್ರಗಳು ಮೂಡುವುದೆಂತು? ಇರುಳಿನಲ್ಲಿ ದೀಪಗಳು ಬೆಳಗುವ ಮದುವೆಯ ಚಪ್ಪರದ ಚಿತ್ರದಲ್ಲಿಯೂ ನಕ್ಷತ್ರಗಳು ಕಾಣವು. ಅಷ್ಟರಿಂದ ಮದುವೆಯೇ ನಡೆಯಲಿಲ್ಲವೆನ್ನಬಹುದೇ?

ಗಾಳಿಯಿಲ್ಲದೆಡೆಯಲ್ಲಿ ಪತಾಕೆಯು ಹರಡಿ ನಿಂತಿತೆಂಬುದು ಎರಡನೆಯ ಹೇತು. ಅದರ ಮೇಲಂಚಿನಲ್ಲಿ ಅಡ್ಡಕೋಲೊಂದನ್ನು ತೂರಿಸಿದ್ದಿತು. ಹರಡಿ ನಿಂತುದು ಅದರಿಂದ.

ಚಿತ್ರಗಳನ್ನೆಲ್ಲ ಬದಿಗಿಟ್ಟರೂ, 1972ರವರೆಗಿನ ಆರು ಯಾತ್ರೆಗಳಲ್ಲಿ ತಂದ ಸುಮಾರು 382 ಕಿಲೋಗ್ರಾಂ ಕಲ್ಲುಮಣ್ಣು ಉಳಿಯುತ್ತದೆ. ಅದನ್ನು ಅನೇಕ ದೇಶಗಳ ವಿದ್ವಾಂಸರು ಪರೀಕ್ಷಿಸಿರುವರು. ಇದಕ್ಕೆ ಆಕ್ಷೇಪಕರ ಸಮಾಧಾನವೇನು?

ಸಂಶಯವು ನಿಂದ್ಯವಲ್ಲ. ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ಆದರೆ ನಿರ್ಣಯವೂ ಅವುಗಳಲ್ಲೊಂದು. ಉತ್ತರ ದೊರೆತ ಮೇಲೂ ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಹಳಿಯುತ್ತಲೇ ಇರುವುದಕ್ಕೆ ಅದೇ ಶಾಸ್ತ್ರದಲ್ಲಿ ವಿತಂಡೆಯೆಂದು ಹೆಸರು. ಈ ಭೇದವನ್ನು ಮನೆಯ ಹಿರಿಯರು ಮಕ್ಕಳಿಗೆ ತಿಳಿಸದಿದ್ದರೆ, ನಾಳೆ ಯಾವ ಪ್ರಮಾಣವೂ ಅವರಿಗೆ ಪ್ರಮಾಣವಾಗಲಾರದು.