ನಮ್ಮ ಶಾಲೆಗೊಂದು ಗಾಳಿಸುರಂಗ

ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಗೆ ಏನು ಕೊಡೋಣವೆಂಬ ಪ್ರಶ್ನೆ ಎದ್ದಾಗಲೆಲ್ಲ ಹಳೆ ವಿದ್ಯಾರ್ಥಿಗಳಾದ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಸ್ವಾಗತಗೋಪುರ, ಎರಡನೆಯದು ರಂಗಮಂಟಪ. ಎರಡೂ ಶೋಭೆಯ ವಸ್ತುಗಳೇ, ಬೇಡವೆನ್ನಲಾರೆ. ಆದರೆ ಆ ಖರ್ಚಿನ ಒಂದು ಸಣ್ಣ ಪಾಲನ್ನು ವಿಜ್ಞಾನದ ಕೋಣೆಗೆ ತಿರುಗಿಸಿ, ಮಕ್ಕಳ ಕೈಯಿಂದಲೇ ಒಂದು ಗಾಳಿಸುರಂಗವನ್ನು ಕಟ್ಟಿಸಬೇಕೆಂಬುದು ನನ್ನ ಸೂಚನೆ.

ಹೆಸರು ದೊಡ್ಡದು, ವಸ್ತು ಸಣ್ಣದು. ರೈಟ್ ಸಹೋದರರು 1901ರಲ್ಲಿ ಡೇಟನ್ ನಗರದ ತಮ್ಮ ಸೈಕಲ್ ಅಂಗಡಿಯಲ್ಲಿ ಕಟ್ಟಿದ್ದು ಸುಮಾರು 6 ಅಡಿ ಉದ್ದದ, 16 ಇಂಚು ಚೌಕದ ಮರದ ಪೆಟ್ಟಿಗೆ. ಅಂದು ಎಲ್ಲರೂ ನಂಬಿದ್ದ ಕೋಷ್ಟಕಗಳು ತಮ್ಮ ಗ್ಲೈಡರಿಗೆ ಹೊಂದದಿದ್ದಾಗ ಅವರು, ಗರಗಸದ ಅಲಗು ಮತ್ತು ಸೈಕಲ್ ಕಡ್ಡಿಗಳಿಂದ ತಕ್ಕಡಿ ಮಾಡಿಕೊಂಡು ನೂರಾರು ರೆಕ್ಕೆಯ ಮಾದರಿಗಳನ್ನು ಆ ಪೆಟ್ಟಿಗೆಯಲ್ಲಿ ಅಳೆದರು. 1903ರ ಡಿಸೆಂಬರ್ 17ರ ಹಾರಾಟಕ್ಕೆ ತಳಹದಿ ಅಲ್ಲಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಸತೀಶ್ ಧವನ್ ಅವರು ಕಟ್ಟಿದ ಶಬ್ದಾತೀತ ವೇಗದ ಸುರಂಗದ ಪರೀಕ್ಷಾಭಾಗವೂ 1 ಇಂಚಿಗೆ 3 ಇಂಚಿನದು.

ನಮಗೆ ಬೇಕಾದುದು ಪ್ಲೈವುಡ್ಡು, ಒಂದು ಎಕ್ಸಾಸ್ಟ್ ಫ್ಯಾನು, ಪಾರದರ್ಶಕ ಅಕ್ರಿಲಿಕ್ ಹಾಳೆ, ಕೆಲವು ಕಟ್ಟು ಸ್ಟ್ರಾಗಳು. ಫ್ಯಾನನ್ನು ಹಿಂದಿನ ತುದಿಯಲ್ಲಿಟ್ಟು ಗಾಳಿಯನ್ನು ಸೆಳೆಯಬೇಕು. ಮುಂದಿಟ್ಟು ಊದಿದರೆ ಗಾಳಿ ಸುತ್ತುತ್ತ ಬರುತ್ತದೆ. ಒತ್ತಾಗಿ ಜೋಡಿಸಿದ ಸ್ಟ್ರಾಗಳು ಒಳಬರುವ ಗಾಳಿಯನ್ನು ನೇರಗೊಳಿಸುತ್ತವೆ. 45 ಸೆಂಟಿಮೀಟರ್ ಚೌಕದ ಬಾಯಿ 15 ಸೆಂಟಿಮೀಟರ್ ಚೌಕಕ್ಕೆ ಕಿರಿದಾದರೆ ವೇಗ 9 ಪಟ್ಟು ಹೆಚ್ಚುತ್ತದೆ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹುಟ್ಟದ ನಂಬಿಕೆ, ಬಾಯಿಯ ಬಳಿ ಅಲುಗದ ಉಣ್ಣೆಯ ಎಳೆ ನಡುವೆ ಪಟಪಟಿಸುವುದನ್ನು ಕಂಡಾಗ ಹುಟ್ಟುತ್ತದೆ.

ವಿಮಾನದ ರೆಕ್ಕೆಯನ್ನೇ ಪರೀಕ್ಷಿಸಬೇಕೆಂದೇನೂ ಇಲ್ಲ. ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಈ ನಾಡಿನಲ್ಲಿ ಮಳೆಗಾಲದ ಬಿರುಗಾಳಿಗೆ ಶೀಟಿನ ಮಾಡು ಹಾರಿಹೋದ ಸುದ್ದಿ ಹೊಸದಲ್ಲ. ಗಾಳಿ ಮಾಡನ್ನು ಕೆಳಗಿನಿಂದ ನೂಕುವುದಷ್ಟೇ ಅಲ್ಲ, ಮೇಲಿನಿಂದ ಹೀರುತ್ತದೆ ಕೂಡ. ಇಳಿಜಾರು ಕಡಿಮೆಯಿದ್ದರೆ ಗಾಳಿಗೆ ಎದುರಾದ ಬದಿಯಲ್ಲೂ ಈ ಹೀರುವಿಕೆ ಇರುತ್ತದೆ. ಹಳೆಯ ಹಂಚಿನ ಮನೆಗಳಂತೆ ಇಳಿಜಾರು ಕಡಿದಾದರೆ ಆ ಬದಿಯನ್ನು ಗಾಳಿ ಒತ್ತಿಹಿಡಿಯುತ್ತದೆ. ರಟ್ಟಿನ ಮಾಡುಗಳನ್ನು ಮಾಡಿ, ತಳದ ರಂಧ್ರದಿಂದ ಇಳಿಸಿದ ಕಡ್ಡಿಯನ್ನು ಕೆಳಗಿನ ಡಿಜಿಟಲ್ ತಕ್ಕಡಿಯ ಮೇಲೆ ನಿಲ್ಲಿಸಿದರೆ, ಯಾವ ಮಾಡು ಎಷ್ಟು ಗ್ರಾಂ ಹಗುರವಾಯಿತೆಂದು ಎಂಟನೆಯ ತರಗತಿಯ ಹುಡುಗಿಯೂ ಓದಿ ಹೇಳಬಲ್ಲಳು. ಅಜ್ಜನ ಕಾಲದ ಮೇಸ್ತ್ರಿಗಳ ಬುದ್ಧಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಇದಕ್ಕೂ ಕನ್ನಡಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಾವು ಪ್ರತಿಭಟಿಸಿದ್ದೇವೆ, ಅದು ನ್ಯಾಯವೇ. ಆದರೆ ಕನ್ನಡದಲ್ಲಿ ವಿಜ್ಞಾನ ಕಲಿತವನಿಗೆ ಮುಂದೆ ದಾರಿಯಿಲ್ಲವೆಂದು ಹೆದರಿ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸುವ ನಮ್ಮದೇ ಮನೆಗಳಿಗೆ ಪ್ರತಿಭಟನೆಯಿಂದ ಉತ್ತರ ದೊರೆಯದು. ನಾಲ್ಕು ಮಕ್ಕಳು ಪೆಟ್ಟಿಗೆಯ ಸುತ್ತ ನಿಂತು, ಗಾಳಿಯ ತಡೆಗೆ ‘ಹಿಂದೆಳೆತ’ವೆನ್ನಬೇಕೋ ಬೇರೇನೆನ್ನಬೇಕೋ ಎಂದು ಜಗಳವಾಡುವುದನ್ನು ಆ ತಾಯಿತಂದೆಗಳು ನೋಡಲಿ. ಪಾಠಪುಸ್ತಕದ ಪಾರಿಭಾಷಿಕ ಪದ ಅಲ್ಲಿ ಮನೆಮಾತಾಗುತ್ತದೆ.

ಒಂದು ನಿಬಂಧನೆ ಮಾತ್ರ ಇರಲಿ. ಸಿದ್ಧ ಮಾದರಿಯನ್ನು ಕೊಂಡು ತಂದು, ವಿಜ್ಞಾನ ಮೇಳದಲ್ಲಿ ಬಹುಮಾನ ಗಳಿಸಿ, ಆಮೇಲೆ ಗಾಜಿನ ಕಪಾಟಿಗೆ ಬೀಗ ಹಾಕುವುದಾದರೆ ಗೋಪುರವೇ ಮೇಲು. ಅದರ ನೆರಳಾದರೂ ಉಪಯೋಗಕ್ಕೆ ಬಂದೀತು. ಪ್ರತಿ ವರ್ಷ ಹೊಸ ತಂಡ ಇದನ್ನು ಬಿಚ್ಚಿ ಮರಳಿ ಜೋಡಿಸಬೇಕು. ಫ್ಯಾನಿಗೆ ಎರಡೂ ಕಡೆ ತಂತಿಯ ಜಾಲರಿ ಬೇಕು. ವಿದ್ಯುತ್ತಿನ ಜೋಡಣೆಯನ್ನು ಬಲ್ಲವರೇ ಮಾಡಬೇಕು. ಮರಗೆಲಸ, ವಯರಿಂಗು ಬಲ್ಲ ಹಳೆ ವಿದ್ಯಾರ್ಥಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರು ಎರಡು ಭಾನುವಾರ ಬಿಡುವು ಮಾಡಿಕೊಂಡು ಬಂದರೆ ಸಾಕು.