ಅಪ್ಪನ ಕುಸ್ತಿ, ನನ್ನ ಬಾಕ್ಸಿಂಗು

ನಮ್ಮ ಮುಂಡರಗಿ ಕಡೆ ಬಾಕ್ಸಿಂಗ್ ಅಂದ್ರೆ ಟಿ.ವಿ.ಯಲ್ಲಿ ನೋಡೋ ಆಟ. ಕಣ್ಣೆದುರಿಗೆ ನೋಡೋದೇನಿದ್ದರೂ ಕುಸ್ತಿ. ಹದ ಮಾಡಿದ ಮಣ್ಣಿನ ಕಣ, ಸುತ್ತ ಜನ, ಹಲಗಿ ಸಪ್ಪಳ. ನಮ್ಮಪ್ಪ ಹರೆಯದಲ್ಲಿ ಗರಡಿಮನಿ ಮಣ್ಣು ಮೈಗೆ ಹಚ್ಚಿಕೊಂಡಾವ. ಹಾಗಾಗಿ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಬಂದ ಹೊಟ್ಟೆ ಕರಗಿಸಲು ಬಾಕ್ಸಿಂಗ್ ಕ್ಲಾಸಿಗೆ ಸೇರಿದೆ ಅಂತ ಫೋನಿನಲ್ಲಿ ಹೇಳಿದಾಗ, ಅಪ್ಪ ಕೇಳಿದ್ದು ಒಂದೇ ಮಾತು: "ನೀ ಮುಂದ ನುಗ್ಗಾವನೋ, ನಿಂತು ಕಾಯಾವನೋ?"

ಬಾಕ್ಸಿಂಗಿನಲ್ಲಿ ಇದು ಹಳೇ ವಾದ. ಒಬ್ಬ ಮುಂದೆ ಮುಂದೆ ಹೋಗಿ ಎದುರಾಳಿಯನ್ನು ಹಗ್ಗಕ್ಕೆ ಒತ್ತಿ ಹೊಡೆಯುತ್ತಾನೆ. ಇನ್ನೊಬ್ಬ, ಹೊಡೆತ ಬರಲಿ ಅಂತ ಕಾದು, ಅದನ್ನು ತಪ್ಪಿಸಿ ಅದೇ ಗಳಿಗೆಯಲ್ಲಿ ತಿರುಗಿ ಕೊಡುತ್ತಾನೆ. ಇದೇ ಕೌಂಟರ್ ಪಂಚ್. ಇದರ ಲೆಕ್ಕ ಸರಳ. ಯಾರೇ ಹೊಡೆದರೂ ಆ ಕೈ ಗದ್ದ ಬಿಟ್ಟು ಮುಂದೆ ಬರಲೇಬೇಕು, ಆಗ ಮುಖದ ಆ ಬದಿ ಬಯಲಾಗುತ್ತದೆ. ಮೈಭಾರವೂ ಮುಂದಕ್ಕೆ ಬಂದಿರುತ್ತದೆ. ಅವನ ವೇಗ, ನಿಮ್ಮ ವೇಗ ಎರಡೂ ಕೂಡಿ ಅವನಿಗೇ ಬೀಳುತ್ತವೆ.

ಇದಕ್ಕೆ ಮಾರ್ಕ್ವೆಜ್-ಪಾಕ್ಯಾವ್ ಜೋಡಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2004ರಲ್ಲಿ ಮೊದಲ ಸಲ ಎದುರಾದಾಗ ನುಗ್ಗುವ ಪಾಕ್ಯಾವ್ ಮೊದಲ ಸುತ್ತಿನಲ್ಲೇ ಮಾರ್ಕ್ವೆಜ್‌ನನ್ನು ಮೂರು ಸಲ ಕೆಡವಿದ್ದ. ಆದರೂ ಮಾರ್ಕ್ವೆಜ್ ಎದ್ದು ನಿಂತು ಆಡಿ, ಪಂದ್ಯ ಸಮ ಮಾಡಿಕೊಂಡ. ಮುಂದಿನ ಎರಡು ಸೋತ. 2012ರ ಡಿಸೆಂಬರ್ 8ರಂದು ನಾಲ್ಕನೇ ಸಲ. ಆರನೇ ಸುತ್ತು ಮುಗಿಯಲು ಒಂದೇ ಸೆಕೆಂಡು ಇದ್ದಾಗ ಪಾಕ್ಯಾವ್ ಮುನ್ನುಗ್ಗಿದ, ಮಾರ್ಕ್ವೆಜ್‌ನ ಬಲಗೈ ಅಲ್ಲೇ ಕಾದಿತ್ತು. ಪಾಕ್ಯಾವ್ ಬೋರಲು ಬಿದ್ದವನು ಏಳಲಿಲ್ಲ.

ಹಂಗಂತ ನುಗ್ಗುವವನು ದಡ್ಡನಲ್ಲ. 1971ರ ಮಾರ್ಚ್ 8ರಂದು ಜೋ ಫ್ರೇಜರ್, ತನಗಿಂತ ಎತ್ತರದ ಮಹಮ್ಮದ್ ಅಲಿಯನ್ನು 15 ಸುತ್ತು ಬೆನ್ನಟ್ಟಿ ಸೋಲಿಸಿದ. ಗಿಡ್ಡ ಕೈಯವನು ದೂರ ನಿಂತರೆ ಬರೀ ಪೆಟ್ಟು ತಿನ್ನೋದೇ. ಒಳಗೆ ನುಗ್ಗಿದರೆ ಮಾತ್ರ ಅವನಿಗೆ ದಾರಿ. ತಲೆ ಅತ್ತಿತ್ತ ಆಡಿಸುತ್ತ, ಹೊಟ್ಟೆಗೆ ಹೊಡೆಯುತ್ತ ಹೋಗಿ, ಕೊನೆಯ ಸುತ್ತಿನಲ್ಲಿ ಎಡಗೈ ಹುಕ್ಕಿನಿಂದ ಅಲಿಯನ್ನು ಕೆಡವಿದ. ಅದೇ ಫ್ರೇಜರ್ 1973ರಲ್ಲಿ ತನಗಿಂತ ದೊಡ್ಡ ಜಾರ್ಜ್ ಫೋರ್ಮನ್ ಎದುರೂ ಹಾಗೇ ನುಗ್ಗಿ ಎರಡು ಸುತ್ತಿನಲ್ಲಿ ಆರು ಸಲ ಬಿದ್ದ. ಎದುರಿಗೆ ಯಾರಿದ್ದಾರೆ ಅನ್ನೋದರ ಮೇಲೆ ಎಲ್ಲಾ.

ನಾನು ಕಾಯುವವನು ಅಂತ ಅಂದುಕೊಂಡಿದ್ದೆ. ಆಫೀಸಿನ ಮೀಟಿಂಗಿನಲ್ಲೂ ನಂದು ಅದೇ ಪಾಲಿಸಿ: ಮೊದಲು ಅವರು ಮಾತಾಡಲಿ, ಆಮೇಲೆ ನಾವು. ಹೋದ ವರ್ಷ ಕ್ಲಬ್ಬಿನೊಳಗಿನ ಒಂದು ಸಣ್ಣ ಪಂದ್ಯದಲ್ಲಿ ರಿಂಗಿಗೆ ಇಳಿದೆ. ಮೂರು ಸುತ್ತೂ ಕಾದೆ. ಪೆಟ್ಟೇನೂ ಹೆಚ್ಚು ಬೀಳಲಿಲ್ಲ, ಆದರೆ ಸೋತೆ. ಕೋಚ್ ಗ್ಲೋವ್ಸ್ ಬಿಚ್ಚುತ್ತ ಹೇಳಿದರು: "ನೀನು ಕಾಯಲಿಲ್ಲ, ತಪ್ಪಿಸಿಕೊಂಡೆ. ಅವನ ಕೈ ನಿನಗೆ ಮುಟ್ಟದ ಜಾಗದಲ್ಲಿ ನಿಂತರೆ ನಿನ್ನ ಕೈ ಅವನಿಗೆ ಮುಟ್ಟುತ್ತಾ?"

ರಾತ್ರಿ ಆ ಮಾತು ನಿದ್ದೆ ಕೊಡಲಿಲ್ಲ. 1974ರಲ್ಲಿ ಅಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಇದೇ ಫೋರ್ಮನ್‌ನನ್ನು ದಣಿಸಿ, ಎಂಟನೇ ಸುತ್ತಿನಲ್ಲಿ ಕೆಡವಿದ ಪಂದ್ಯವನ್ನು ಮತ್ತೆ ನೋಡಿದೆ. ಒರಗಿದ್ದಷ್ಟೇ ನಮಗೆ ನೆನಪು. ಮೊದಲ ಸುತ್ತಿನಲ್ಲಿ ತಾನೇ ಮುಂದೆ ಹೋಗಿ ಬಲಗೈಯಿಂದ ಹೊಡೆದಿದ್ದ, ಹಗ್ಗಕ್ಕೆ ಒರಗಿದಾಗಲೂ ನಡುನಡುವೆ ಕೊಡುತ್ತಲೇ ಇದ್ದ. ಕಾಯೋದು ಅಂದ್ರೆ ಪೆಟ್ಟು ಬೀಳುವ ಜಾಗದಲ್ಲೇ ನಿಂತಿರೋದು.

ಈಗ ಮನೆ ಸುದ್ದಿ. ಹೊಲದ ದಾರಿ ವಿಷಯಕ್ಕೆ ಅಪ್ಪಗೂ ಕಾಕಾಗೂ ಐದು ವರ್ಷದಿಂದ ಮಾತಿಲ್ಲ. ಅಪ್ಪ ಸುತ್ತು ಹಾಕಿಕೊಂಡು ಹೊಲಕ್ಕೆ ಹೋಗುತ್ತಾನೆ, ಆ ದಾರಿ ತುಳಿಯುವುದಿಲ್ಲ. ಅಪ್ಪಂದು "ಅಂವ ಮೊದ್ಲ ಬರ್ಲಿ." ಕಾಕಾಂದೂ ಅದೇ ಇರಬೇಕು. ನಾನೂ ಬೆಂಗಳೂರಿನಲ್ಲಿ ಕೂತು, ಕಾಕಾ ಫೋನ್ ಮಾಡಿದರೆ ಏನು ಹೇಳಬೇಕು ಅಂತ ಐದು ವರ್ಷದಿಂದ ಉತ್ತರ ತಯಾರು ಮಾಡಿಟ್ಟಿದ್ದೆ. ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀಸು ಕಟ್ಟಿದ್ದು ಇದೇ ಕಾಕಾ. ಎಂಥಾ ಕೌಂಟರ್ ಪಂಚ್ ನಂದು! ಕೈ ಮುಟ್ಟದಷ್ಟು ದೂರ ನಿಂತು ಕಾಯೋದು.

ಈ ಯುಗಾದಿಗೆ ಊರಿಗೆ ಹೋದಾಗ ಬೇವು-ಬೆಲ್ಲ ತಗೊಂಡು ಒಬ್ಬನೇ ಕಾಕಾನ ಮನೆಗೆ ಹೋದೆ. ಅಪ್ಪ ನೋಡಿದ, ಬ್ಯಾಡ ಅನ್ನಲಿಲ್ಲ. ತಯಾರು ಮಾಡಿಟ್ಟ ಉತ್ತರ ಒಂದೂ ಉಪಯೋಗಕ್ಕೆ ಬರಲಿಲ್ಲ. ಕಾಕಾ ಬಾಗಿಲಲ್ಲೇ ನಿಂತು, "ಈಗ ಗೊತ್ತಾತೇನಪಾ ಮನಿ ದಾರಿ?" ಅಂದ. ಪೆಟ್ಟು ಸರಿಯಾಗೇ ಬಿತ್ತು. ತಪ್ಪಿಸಿಕೊಳ್ಳಲಿಲ್ಲ. "ತಡಾ ಆತು ಕಾಕಾ" ಅಂದೆ. ಚಿಗವ್ವ ಒಳಗಿನಿಂದ, "ಮೊದ್ಲ ಒಳಗ ಬರ್ಲಿ ಬಿಡ್ರಿ ಹುಡುಗ" ಅಂದಳು. ಚಾ ಕುಡಿದೆ. ಹೊಲದ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಸಂಜೆ ಅಪ್ಪ ಕಟ್ಟಿ ಮ್ಯಾಲೆ ಕೂತು, ನನ್ನ ಮುಖ ನೋಡದೇ ಕೇಳಿದ: "ಏನಂದ ಅಂವ?"

ಐದು ವರ್ಷದಲ್ಲಿ ತಮ್ಮನ ಬಗ್ಗೆ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು.

"ನೀವು ನುಗ್ಗಾವ್ರೋ, ಕಾಯಾವ್ರೋ ಅಂತ ಕೇಳಿದ" ಅಂದೆ. ಸುಳ್ಳು. ಅಪ್ಪಗೂ ಅದು ಸುಳ್ಳು ಅಂತ ಗೊತ್ತು. ಸ್ವಲ್ಪ ನಕ್ಕ, ಆಮೇಲೆ ಸುಮ್ಮನಾದ. ದಾರಿ ಇನ್ನೂ ಬಗೆಹರಿದಿಲ್ಲ. ಆದರೆ ಮರುದಿನ ಹೊಲಕ್ಕೆ ಹೊರಟವನು ಸುತ್ತು ಹಾಕಲಿಲ್ಲ. ಹಳೇ ದಾರಿ ಶುರುವಾಗುವ ಬೇವಿನ ಗಿಡದ ತನಕ ನನ್ನ ಜೊತೆ ಬಂದು, ಅಲ್ಲೇ ಬಹಳ ಹೊತ್ತು ನಿಂತಿದ್ದ.